ಹೇಳಿಕೆಗೆ ಮಗುವನ್ನು ‘ತಯಾರಿ’ ಮಾಡಬೇಕೇ?

ಪ್ರಶ್ನೆ: ನಮ್ಮಕ್ಕನ 7 ವರ್ಷದ ಮಗಳ ಜೊತೆ ಸಂಬಂಧಿಕನೊಬ್ಬ ಕೆಟ್ಟದಾಗಿ ನಡೆದುಕೊಂಡಿದ್ದಾನೆ. ದೂರು ಕೊಟ್ಟಿದ್ದೇವೆ, ಹೇಳಿಕೆ ಪಡೆಯುವುದು ಬಾಕಿ. ಒಂದೂ ಬಿಡದೆ ಹೇಳಲಿ ಅಂತ ಅಕ್ಕ ದಿನಾ ಅವಳಿಗೆ ಬಾಯಿಪಾಠ ಮಾಡಿಸುತ್ತಾಳೆ. ಹುಡುಗಿಗೆ ಲಂಬಾಣಿ ಬಿಟ್ಟರೆ ಕನ್ನಡ ಅಷ್ಟಕ್ಕಷ್ಟೆ. ಹಿರಿಯರು ‘ಕುಂತು ಮುಗಿಸೋಣ’ ಅಂತಾರೆ. ಏನು ಮಾಡಲಿ?
— ಓದುಗರು, ಸಿಂಧನೂರು ತಾಲ್ಲೂಕು

ಉತ್ತರ: ಬಾಯಿಪಾಠ ಇವತ್ತೇ ನಿಲ್ಲಿಸಿ. ಕೇಳಿದ್ದನ್ನೇ ಕೇಳಿದರೆ ಮೊದಲು ಹೇಳಿದ್ದು ತಪ್ಪಿರಬೇಕೆಂದುಕೊಂಡು ಮಗು ಮಾತು ಬದಲಿಸುತ್ತದೆ. ದೊಡ್ಡವರ ಪದ ಅದರ ಬಾಯಲ್ಲಿ ಬಂದರೆ ‘ಯಾರು ಹೇಳಿಕೊಟ್ಟರು?’ ಎಂದು ಎದುರು ವಕೀಲರು ಹಿಡಿದೇ ಹಿಡಿಯುತ್ತಾರೆ. ಅವಳು ತಾನಾಗಿ ಹೇಳಿದ್ದನ್ನು ಅವಳದೇ ಪದಗಳಲ್ಲಿ, ಲಂಬಾಣಿಯಲ್ಲೇ ಬರೆದಿಡಿ. ಯಾವತ್ತು ಹೇಳಿದಳು, ಅದಕ್ಕೂ ಮುಂಚೆ ನೀವೇನು ಕೇಳಿದಿರಿ ಎಂಬುದೂ ಇರಲಿ. ಆ ದಿನದ ಬಟ್ಟೆ ತೊಳೆಯದೆ ಉಳಿದಿದ್ದರೆ ಕಾಗದದಲ್ಲಿ ಸುತ್ತಿ ಪೊಲೀಸರಿಗೆ ಕೊಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೂಷ್ಟು ಹಿಡಿದು ಸಾಕ್ಷ್ಯ ಕೆಡುತ್ತದೆ.

ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆಯ 24ನೇ ಕಲಮಿನಂತೆ ಮಗುವಿನ ಮನೆಯಲ್ಲೋ ಅದು ಹೇಳಿದ ಜಾಗದಲ್ಲೋ ಹೇಳಿಕೆ ಪಡೆಯಬೇಕು. ಸಾಧ್ಯವಾದಷ್ಟು ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರ ಇರಬಾರದು. ಆರೋಪಿ ನಿಮ್ಮದೇ ತಾಂಡಾದವನಾದರೆ ಮನೆ ಬೇಡ, ಬೇರೂರಿನ ನೆಂಟರ ಮನೆಯಾಗಲಿ. ದುಭಾಷಿಯನ್ನು ಪಡೆಯಲು 26ನೇ ಕಲಮಿನಲ್ಲಿ ಅವಕಾಶವಿದೆ. ಹಿಂದಿನ ದಿನವೇ ಕೇಳಿಕೊಳ್ಳಿ. ತಾಯಿ ದುಭಾಷಿಯಾಗಬಾರದು, ತಾಂಡಾದವರಂತೂ ಬೇಡವೇ ಬೇಡ. ಅಲ್ಲಿ ಎಲ್ಲರೂ ಒಂದಲ್ಲ ಒಂದು ರೀತಿ ನೆಂಟರೇ.

ತರಬೇತಿ ಪಡೆದವರು ನೇರ ವಿಷಯಕ್ಕೆ ಬರುವುದಿಲ್ಲ. ಶಾಲೆ, ಆಟದ ಮಾತಾಡಿಸಿ ಮಗು ಹೇಗೆ ಹೇಳುತ್ತದೆ ನೋಡುತ್ತಾರೆ, ‘ಗೊತ್ತಿಲ್ಲ ಅಂದರೂ ನಡೀತದ’ ಎಂದು ಮೊದಲೇ ತಿಳಿಸುತ್ತಾರೆ. ಆಮೇಲೆ ‘ಏನಾತು, ಮೊದಲಿಂದ ಹೇಳವ್ವ’, ‘ಮುಂದ?’ ಅಷ್ಟೆ. ‘ಮಾವನೇ ಮುಟ್ಟಿದನಲ್ಲ?’ ಎಂದರೆ ಉತ್ತರವನ್ನೇ ಬಾಯಿಗೆ ತುರುಕಿದಂತೆ. ಈ ವಯಸ್ಸಿಗೆ ತಾರೀಖು ಗೊತ್ತಿರುವುದಿಲ್ಲ; ಜಾತ್ರೆಗೆ ಮೊದಲೋ ಆಮೇಲೋ ಎಂದು ಕೇಳುವುದೇ ಸರಿ. ಅಕ್ಕ ಜೊತೆಗಿರಬಹುದು, ಆದರೆ ಮಗುವಿನ ಹಿಂದೆ ಕೂರಲಿ. ಅವಳ ಮುಖ ನೋಡಿದರೆ ಮಗು ಮಾತು ನುಂಗುತ್ತದೆ.

ಒಂದೇ ಸಲಕ್ಕೆ ಮುಗಿಯುತ್ತದೆಂದು ಮಗುವಿಗೆ ಸುಳ್ಳು ಹೇಳಬೇಡಿ. ಮ್ಯಾಜಿಸ್ಟ್ರೇಟರ ಮುಂದೆ, ಆಮೇಲೆ ವಿಶೇಷ ನ್ಯಾಯಾಲಯದಲ್ಲೂ ಹೇಳಬೇಕಾಗುತ್ತದೆ. ಕೋರ್ಟಿನಲ್ಲಿ ಆರೋಪಿ ಅವಳ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುತ್ತಾರೆ, ವಕೀಲರ ಪ್ರಶ್ನೆ ನ್ಯಾಯಾಧೀಶರ ಮೂಲಕವೇ ಬರಬೇಕು.

ಹಿರಿಯರ ರಾಜಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಗೊತ್ತಿದ್ದೂ ವರದಿ ಮಾಡದವರಿಗೆ 6 ತಿಂಗಳವರೆಗೆ ಜೈಲಿದೆ. ಅವರಿಗೆ ಇದನ್ನೇ ಹೇಳಿ.

ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ತಿಳಿಸಿಲ್ಲವೆನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆಸ್ಪತ್ರೆ, ಕೋರ್ಟಿಗೆ ಜೊತೆ ಬರಲು ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡುತ್ತದೆ. ಸರಿಬರದಿದ್ದರೆ ಕಾರಣ ಹೇಳದೆಯೂ ಬೇಡವೆನ್ನಬಹುದು. ಕೂಲಿ ಬಿಟ್ಟು ರಾಯಚೂರಿಗೆ ಓಡಾಡುವವರು ಬಸ್ ಖರ್ಚು, ಊಟ, ಬಟ್ಟೆಗೆಂದು ಸಮಿತಿಗೆ ಬರಹದಲ್ಲಿ ಕೇಳಬೇಕು. ಸಮಿತಿ ಶಿಫಾರಸು ಮಾಡಿದರೆ ಹಣ 1 ವಾರದೊಳಗೆ ಸಿಗಬೇಕೆಂದು ಪೋಕ್ಸೊ ಕಾಯ್ದೆಯ 2020ರ ನಿಯಮ ಹೇಳುತ್ತದೆ. ಅರ್ಜಿಯ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.