ಅಪ್ಪನ ಉಳಿ ತಗೊಂಡು ಹೋಗು, ಡ್ರಿಲ್ ಇಲ್ಲೇ ಬಿಡು

ನಿನ್ನ ಪತ್ರ ಓದಿದೆ. ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಮುಂದಿನ ತಿಂಗಳು ಅಮೆರಿಕದ ಮಿಷಿಗನ್‌ಗೆ ಹೊರಟಿದ್ದೀಯ. ಅಲ್ಲಿ ಸಿಕ್ಕಿರುವ ಬಾಡಿಗೆ ಮನೆಗೆ ಗ್ಯಾರೇಜ್, ಅಂದರೆ ಕಾರ್ ನಿಲ್ಲಿಸುವ ಕೋಣೆ, ಇದೆ. ಸಣ್ಣಪುಟ್ಟ ರಿಪೇರಿ ಎಲ್ಲ ನಾವೇ ಮಾಡಿಕೊಳ್ಳಬೇಕಂತೆ, ನಿಜವಾ? ತೀರಿಹೋದ ಅಪ್ಪನ ಬಡಗಿ ಪೆಟ್ಟಿಗೆ, ಡ್ರಿಲ್ ಮೆಷಿನ್ ತಗೊಂಡು ಹೋಗಲಾ? ಆ ಗ್ಯಾರೇಜನ್ನು ಕೆಲಸಕ್ಕೆ ಹೇಗೆ ಜೋಡಿಸಿಕೊಳ್ಳಲಿ? ನೀನು ಕೇಳಿದ್ದು ಇಷ್ಟು ಅಲ್ವಾ. ನಾನು ಆ ರಾಜ್ಯಕ್ಕೆ ಹೋಗಿ 17 ವರ್ಷವಾಯಿತು. ಈಗ ರಜೆಗೆ ತುಮಕೂರಿಗೆ ಬಂದು, ಎಸ್.ಎಸ್. ಪುರಂನ ಅಮ್ಮನ ಮನೆಯ ಜಗುಲಿ ಮೇಲೆ ಕೂತು ಬರೆಯುತ್ತಿದ್ದೇನೆ.

ನಿಜ, ಅಲ್ಲಿ ಬಹಳಷ್ಟು ಜನ ತಾವೇ ಮಾಡಿಕೊಳ್ಳುತ್ತಾರೆ. ನಿನ್ನದು ಬಾಡಿಗೆ ಮನೆ, ಯಾವ ರಿಪೇರಿ ನಿನ್ನದು, ಯಾವುದು ಓನರ್‌ದು ಅಂತ ಕರಾರಿನಲ್ಲಿ ನೋಡಿಕೋ. ಇಲ್ಲಿ ನಲ್ಲಿ ಸೋರಿದರೆ ಒಂದು ಫೋನು, ಸಂಜೆಯೊಳಗೆ ಪ್ಲಂಬರ್ ಬಾಗಿಲಲ್ಲಿ ಇರುತ್ತಾನೆ. ಅಲ್ಲಿ ಬಂದವನು ಸ್ಪ್ಯಾನರ್ ಕೈಗೆ ತಗೊಳ್ಳುವ ಮೊದಲೇ, ಬಂದಿದ್ದಕ್ಕೇ ಒಂದು ಬಿಲ್ ಆಗಿರುತ್ತದೆ. ಅದಕ್ಕೇ ಅಲ್ಲಿ ವಕೀಲರೂ ಡಾಕ್ಟರೂ ಶನಿವಾರ ಬೆಳಗ್ಗೆ ತಮ್ಮ ಗ್ಯಾರೇಜಿನಲ್ಲಿ ಮರ ಕೊಯ್ಯುತ್ತಾ ನಿಂತಿರುತ್ತಾರೆ. ಹೆದರಬೇಡ, ಆರು ತಿಂಗಳಲ್ಲಿ ಕೈ ಕುದುರುತ್ತದೆ.

ಮೊದಲು ಸೂಟ್‌ಕೇಸಿನ ವಿಷಯ. ಡ್ರಿಲ್ ಇಲ್ಲೇ ಬಿಡು. ನಮ್ಮದು 230 ವೋಲ್ಟ್, ಅಲ್ಲಿ ಮನೆಯ ಸಾಕೆಟ್ಟಿನಲ್ಲಿ ಬರುವುದು 120. ಟ್ರಾನ್ಸ್‌ಫಾರ್ಮರ್ ಇಟ್ಟು ಓಡಿಸಬಹುದು, ಆದರೆ ಆ ಡಬ್ಬಿಯೇ ಡ್ರಿಲ್‌ಗಿಂತ ಭಾರ. ಅಲ್ಲೇ ಒಂದು ಬ್ಯಾಟರಿ ಡ್ರಿಲ್ ತಗೋ. ಒಂದೇ ಕಂಪನಿಗೆ ಅಂಟಿಕೊಂಡರೆ ಮುಂದೆ ತಗೊಳ್ಳುವ ಗರಗಸಕ್ಕೂ ಮರ ಉಜ್ಜುವ ಸ್ಯಾಂಡರ್‌ಗೂ ಸಾಮಾನ್ಯವಾಗಿ ಅದೇ ಬ್ಯಾಟರಿ ಆಗುತ್ತದೆ. ಅಪ್ಪನ ಉಳಿಗಳು, ಮೂಲೆಮಟ್ಟ, ರಸಮಟ್ಟ ಮಾತ್ರ ಖಂಡಿತ ತಗೊಂಡು ಹೋಗು. ಉಳಿಗೆ ವೋಲ್ಟೇಜ್ ಇಲ್ಲ. ಬಾಯಿಗೆ ಸ್ವಲ್ಪ ಎಣ್ಣೆ ಸವರಿ, ದಪ್ಪ ಬಟ್ಟೆ ಸುತ್ತಿ, ಚೆಕ್-ಇನ್ ಬ್ಯಾಗಿನಲ್ಲೇ ಇಡು. ಕೈಚೀಲದಲ್ಲಿ ಇಟ್ಟರೆ ಏರ್‌ಪೋರ್ಟಿನಲ್ಲೇ ಕಳೆದುಕೊಳ್ಳುತ್ತೀಯ. ಮರ ಹೆರೆಯುವ ಕೀಸುಳಿಯ ಹಿಡಿ ಮರದ್ದಾದರೆ ಭಾರ ಜಾಸ್ತಿ, ಅಲಗು ಮಾತ್ರ ಬಿಚ್ಚಿಕೊಂಡು ಹೋಗು ಅಂತ ಬೇರೆ ಯಾರಿಗಾದರೂ ಹೇಳುತ್ತಿದ್ದೆ. ನಿನ್ನ ಅಪ್ಪ ಹಿಡಿದು ಹಿಡಿದು ನುಣುಪಾದ ಮರ ಅದು. ಎರಡು ಜೊತೆ ಪ್ಯಾಂಟು ಕಡಿಮೆ ಮಾಡಿ ಅದನ್ನು ಇಡಿಯಾಗಿ ತಗೋ.

ಅಳತೆಯ ಬಗ್ಗೆ ಚಿಂತೆ ಬೇಡ. ಅಲ್ಲಿ ಎಲ್ಲ ಅಡಿ, ಇಂಚು. ನಮ್ಮ ಬಡಗಿಗಳ ನೂಲಿನ ಲೆಕ್ಕ ಗೊತ್ತಿದ್ದರೆ, ಇಂಚಿಗೆ ಎಂಟು ನೂಲು, ಅರ್ಧ ಕೆಲಸ ಮುಗಿದ ಹಾಗೆ. ಅಲ್ಲಿನ ಟೇಪಿನಲ್ಲಿ ಇಂಚನ್ನು ಹದಿನಾರು ಮಾಡಿರುತ್ತಾರೆ, ಅಂದರೆ ಅರ್ಧ ನೂಲು. ಒಂದು ಮಾತ್ರ ನೆನಪಿಡು: ಅಂಗಡಿಯಲ್ಲಿ ‘ಟೂ ಬೈ ಫೋರ್’ ಅಂತ ಮಾರುವ ಮರ ನಿಜಕ್ಕೂ ಒಂದೂವರೆ ಇಂಚು, ಮೂರೂವರೆ ಇಂಚು. ಮೊದಲ ಸಲ ನಾನು ಹೆಸರು ನಂಬಿ ಲೆಕ್ಕ ಹಾಕಿ ಕೊಯ್ದ ಮರವೆಲ್ಲ ಗಿಡ್ಡ ಬಂತು.

ಈಗ ಗ್ಯಾರೇಜು. ಹೊಸದಾಗಿ ಹೋದವರು ಮೊದಲು ಕಪಾಟು ತರುತ್ತಾರೆ, ಡಬ್ಬಿ ತರುತ್ತಾರೆ, ಎಲ್ಲ ತುಂಬಿಸಿ ಮುಚ್ಚಳ ಹಾಕುತ್ತಾರೆ. ಆಮೇಲೆ ನಿಂತು ಕೆಲಸ ಮಾಡಲು ಜಾಗವೇ ಇರುವುದಿಲ್ಲ. ಎಷ್ಟೋ ಕನ್ನಡದವರ ಗ್ಯಾರೇಜುಗಳು ನಮ್ಮ ಹಳೆ ಮನೆಗಳ ಅಟ್ಟದ ಥರ ಆಗಿವೆ. ನೀನು ಉಲ್ಟಾ ಮಾಡು. ಮೊದಲು ಮೇಜು. ಬೆಳಕು ಬೀಳುವ ಕಡೆ, ಸಾಕೆಟ್ಟಿನ ಹತ್ತಿರ, ಒಂದು ಗಟ್ಟಿ ಮೇಜು ಹಾಕು. ಮುಕ್ಕಾಲು ಇಂಚಿನ ಪ್ಲೈವುಡ್ ಹಾಳೆ, ಎಂಟಡಿ ನಾಲ್ಕಡಿ, ತಂದು ಉದ್ದಕ್ಕೆ ಸರಿಯಾಗಿ ಎರಡು ಮಾಡಿಸು. ಅಂಗಡಿಯವರೇ ಕೊಯ್ದು ಕೊಡುತ್ತಾರೆ. ಎರಡನ್ನೂ ಒಂದರ ಮೇಲೊಂದು ಅಂಟಿಸಿ ಸ್ಕ್ರೂ ಹಾಕಿದರೆ ಒಂದೂವರೆ ಇಂಚು ದಪ್ಪದ ಹಲಗೆ. ಕಾಲಿಗೆ ಟೂ ಬೈ ಫೋರ್. ಎತ್ತರ ಎಷ್ಟು ಅಂದರೆ, ನೆಟ್ಟಗೆ ನಿಂತು ಕೈ ಕೆಳಗೆ ಬಿಡು. ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಲ್ಲಿಗೆ. ನನಗೆ 33 ಇಂಚು ಬಂತು. ಒಂದೆರಡು ತಿಂಗಳು ಆ ಮೇಜಿನ ಮೇಲೆ ಕೆಲಸ ಮಾಡು. ಯಾವ ಸಾಮಾನಿಗೆ ಕೈ ಮತ್ತೆ ಮತ್ತೆ ಹೋಗುತ್ತದೆ ಅಂತ ಗೊತ್ತಾಗುತ್ತದೆ. ಅದು ಎದುರಿನ ಗೋಡೆಗೆ. ವರ್ಷಕ್ಕೊಮ್ಮೆ ಬೇಕಾಗುವುದು ಮೇಲಕ್ಕೆ. ಕಪಾಟು ಬೇಕೋ ಬೇಡವೋ ಆಮೇಲೆ ನೋಡಿದರೆ ಸಾಕು.

ಇದನ್ನು ನನಗೆ ಕಲಿಸಿದ್ದು ಅಮೆರಿಕ ಅಲ್ಲ, ನನ್ನ ಚಿಕ್ಕಪ್ಪ. ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದರು. ಆ ಫ್ಯಾಕ್ಟರಿ ಮುಚ್ಚಿ, ಜಾಗ ಈಗ ಇಸ್ರೋದ್ದು. ಭಾನುವಾರ ಅವರು ಊಟದ ಮೇಜಿನ ಮೇಲೆ ಒಂದು ಬಿಳಿ ಪಂಚೆ ತುಂಡು ಹಾಸಿ, ನೆಂಟರ ವಾಚ್ ಬಿಚ್ಚುತ್ತಿದ್ದರು. ಎಡಗಡೆ ಐದು ಸಣ್ಣ ಸ್ಕ್ರೂ ಡ್ರೈವರ್, ದಪ್ಪದಿಂದ ಸಣ್ಣದಕ್ಕೆ ಸಾಲಾಗಿ. ಬಲಗಡೆ ಚಿಮಟ. ಒಂದನ್ನು ಅದರ ಜಾಗದಲ್ಲಿ ಇಡದೆ ಇನ್ನೊಂದನ್ನು ಎತ್ತುತ್ತಲೇ ಇರಲಿಲ್ಲ. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ತಲೆ ಬಗ್ಗಿಸಿದ್ದರೂ ಕೈ ಸೀದಾ ಬೇಕಾದ್ದರ ಮೇಲೆ ಹೋಗುತ್ತಿತ್ತು. ಎಳ್ಳಿಗಿಂತ ಸಣ್ಣ ಸ್ಕ್ರೂ ಪಂಚೆಯ ಮೇಲೆ ಬಿದ್ದರೆ ಉರುಳುತ್ತಿರಲಿಲ್ಲ, ಬಿದ್ದಲ್ಲೇ ನಿಲ್ಲುತ್ತಿತ್ತು. ನಾನು ಈಗಲೂ ಸಣ್ಣ ಸ್ಕ್ರೂ ಬಿಚ್ಚುವಾಗ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸುತ್ತೇನೆ.

ಇನ್ನೊಂದು ವಸ್ತು ಇಲ್ಲಿಂದಲೇ ತಗೊಂಡು ಹೋಗು: ಒಗ್ಗರಣೆ ಡಬ್ಬಿ. ಒಳಗೆ ಏಳು ಬಟ್ಟಲು ಇರುವ ದುಂಡನೆ ಸ್ಟೀಲ್ ಡಬ್ಬಿ. ಮಂಡಿಪೇಟೆಯ ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ಸಾಸಿವೆ ಜೀರಿಗೆ ಜಾಗದಲ್ಲಿ ಒಂದಿಂಚಿನ ಸ್ಕ್ರೂ, ಒಂದೂವರೆ ಇಂಚಿನದು, ವಾಷರ್, ಮೊಳೆ. ಮುಚ್ಚಳ ತೆಗೆದರೆ ಏಳೂ ಒಟ್ಟಿಗೆ ಕಾಣುತ್ತವೆ, ಒಂದೇ ಕೈಯಲ್ಲಿ ಎತ್ತಿಕೊಂಡು ಕೆಲಸದ ಜಾಗಕ್ಕೆ ಹೋಗಬಹುದು. ನನ್ನ ಹತ್ತಿರ ಅಂಥವು ಮೂರಿವೆ.

ಗೋಡೆ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ಇದರಲ್ಲೇ ದೊಡ್ಡ ಪೆಟ್ಟು ತಿಂದಿದ್ದು. ನಮ್ಮ ಮನೆಗಳು ಇಟ್ಟಿಗೆಯವು. ಎಲ್ಲಿ ಬೇಕೋ ಅಲ್ಲಿ ತೂತು ಕೊರೆದು, ಪ್ಲಗ್ ಹೊಡೆದು, ಸ್ಕ್ರೂ ಹಾಕಿದರೆ ಮುಗಿಯಿತು. ಅಲ್ಲಿನ ಗೋಡೆ ಅಂದರೆ ಮರದ ಚೌಕಟ್ಟು, ಅದರ ಮೇಲೆ ಅರ್ಧ ಇಂಚಿನ ಜಿಪ್ಸಮ್ ಹಲಗೆ. ಮೊದಲ ವರ್ಷ ನಾನು ಊರಿನ ಅಭ್ಯಾಸದಲ್ಲಿ ಒಂದು ಶೆಲ್ಫ್ ಹೊಡೆದೆ. ನಾಲ್ಕು ಡಬ್ಬ ಪೇಂಟ್ ಇಟ್ಟೆ. ಮೂರನೇ ರಾತ್ರಿ ಎರಡು ಗಂಟೆಗೆ ಶೆಲ್ಫ್, ಪೇಂಟ್, ಜಿಪ್ಸಮ್ ತುಂಡು ಎಲ್ಲ ಸೇರಿ ಕಾರಿನ ಬಾನೆಟ್ ಮೇಲೆ ಬಿತ್ತು. ಮಗಳು ಹೆದರಿ ಅಳುತ್ತಾ ಎದ್ದಳು. ಬೆಳಗಿನ ತನಕ ನೆಲ ಒರೆಸಿದೆ. ಅದಕ್ಕೇ ಹೇಳುತ್ತಿದ್ದೇನೆ, ಭಾರ ಹೊರುವುದು ಒಳಗಿನ ಮರದ ಕಂಬ. ಅದಕ್ಕೆ ಸ್ಟಡ್ ಅನ್ನುತ್ತಾರೆ. ಸಾಮಾನ್ಯವಾಗಿ 16 ಇಂಚಿಗೊಂದು ಇರುತ್ತದೆ, ಕೆಲವು ಮನೆಗಳಲ್ಲಿ 24 ಇಂಚಿಗೆ. ಒಂದು ಸಣ್ಣ ಅಯಸ್ಕಾಂತ ಗೋಡೆ ಮೇಲೆ ಆಡಿಸಿದರೆ ಒಳಗಿನ ಸ್ಕ್ರೂ ತಲೆಗೆ ಅಂಟಿಕೊಳ್ಳುತ್ತದೆ, ಅಲ್ಲಿ ಕಂಬ ಇದೆ. ನಿನ್ನ ಸ್ಕ್ರೂ ಅದಕ್ಕೇ ಹೋಗಬೇಕು. ನಿನ್ನದು ಬಾಡಿಗೆ ಮನೆ, ಮೊದಲು ಓನರ್‌ನ ಕೇಳು. ಮನೆಗೂ ಗ್ಯಾರೇಜಿಗೂ ನಡುವಿನ ಗೋಡೆಯಲ್ಲಂತೂ ದೊಡ್ಡ ಕಿಂಡಿ ಕೊರೆಯಲೇಬೇಡ. ಬೆಂಕಿ ಬಿದ್ದರೆ ಮನೆಯೊಳಗೆ ಹರಡದಂತೆ ತಡೆಯುವುದು ಆ ಗೋಡೆಯೇ.

ನೆಲಕ್ಕೆ ತಾಗಿ ರಟ್ಟಿನ ಪೆಟ್ಟಿಗೆ ಇಡಬೇಡ. ಚಳಿಗಾಲದಲ್ಲಿ ಕಾರಿಗೆ ಅಂಟಿಕೊಂಡು ಬಂದ ಹಿಮ, ರಸ್ತೆಗೆ ಹಾಕಿದ ಉಪ್ಪು, ಎರಡೂ ಕರಗಿ ಉಪ್ಪು ನೀರು ನೆಲದ ತುಂಬ ಹರಿಯುತ್ತದೆ. ಕಬ್ಬಿಣ ಎರಡು ವಾರದಲ್ಲಿ ತುಕ್ಕು. ಅಪ್ಪನ ಉಳಿಗಳನ್ನು ಡಿಸೆಂಬರ್ ಬರುವ ಮೊದಲೇ ಮನೆಯೊಳಗೆ ತಗೊಂಡು ಬಾ. ಮರದ ಅಂಟನ್ನೂ ನೀರು ಬೆರೆಸುವ ಪೇಂಟನ್ನೂ ಅಷ್ಟೇ, ಹೆಪ್ಪುಗಟ್ಟಿದರೆ ಕೆಡುತ್ತವೆ.

ಇನ್ನು ಕೆಲವು ವಿಷಯಗಳಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ, ನೀನೂ ಕೇಳಬೇಡ. ಗ್ಯಾರೇಜಿನಲ್ಲಿ ಕಾರಿನ ಎಂಜಿನ್ ಆಗಲಿ ಜನರೇಟರ್ ಆಗಲಿ ಚಾಲೂ ಇಡಬೇಡ. ಬಾಗಿಲು ತೆರೆದಿದೆಯಲ್ಲ ಅಂದುಕೊಳ್ಳಬೇಡ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮನೆಯೊಳಗೆ ಮಲಗಿದವರನ್ನೂ ಬಿಡುವುದಿಲ್ಲ. ಅಗಸೆ ಎಣ್ಣೆ ಪಾಲಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡ, ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಒಣಗಿಸು. ಗ್ಯಾರೇಜ್ ಬಾಗಿಲ ಮೇಲಿನ ದಪ್ಪ ಸ್ಪ್ರಿಂಗಿಗೆ ಕೈ ಹಚ್ಚಬೇಡ. ಇಡೀ ಬಾಗಿಲಿನ ಭಾರ ಅದರಲ್ಲಿ ಬಿಗಿದಿಟ್ಟಿರುತ್ತದೆ, ಬಿಚ್ಚಿಕೊಂಡರೆ ಕೈ ಮುರಿಯುತ್ತದೆ. ಆ ಒಂದು ಕೆಲಸಕ್ಕೆ ದುಡ್ಡು ಕೊಟ್ಟು ಜನ ಕರೆಸು. ಸಾಕೆಟ್ಟಿನಲ್ಲಿ ‘ಟೆಸ್ಟ್’, ‘ರೀಸೆಟ್’ ಅಂತ ಎರಡು ಗುಂಡಿ ಇವೆಯಾ ನೋಡು. ಒದ್ದೆ ನೆಲದಲ್ಲಿ ನಿಂತಾಗ ಕರೆಂಟ್ ಸೋರಿದರೆ ತಕ್ಷಣ ಕಡಿಯುವುದು ಅದು. ಇಲ್ಲದಿದ್ದರೆ ಓನರ್‌ಗೆ ಹೇಳಿ ಹಾಕಿಸು.

ಎಲ್ಲ ಸಾಮಾನೂ ಹೊಸದೇ ಬೇಕಿಲ್ಲ. ಬೇಸಿಗೆಯಲ್ಲಿ ಬೀದಿಗೊಂದು ಗ್ಯಾರೇಜ್ ಸೇಲ್, ಅಂದರೆ ಮನೆ ಮುಂದೆ ಹಳೆ ಸಾಮಾನು ಮಾರುವುದು, ಇರುತ್ತದೆ. ವಯಸ್ಸಾದವರು ಮನೆ ಖಾಲಿ ಮಾಡುವಾಗ ಒಳ್ಳೊಳ್ಳೆ ಹಳೆ ಉಪಕರಣ ಹೊರಗೆ ಬರುತ್ತವೆ. ಮೇಜಿಗೆ ಬಿಗಿದು ಸಾಮಾನು ಹಿಡಿಸುವ ನನ್ನ ಬೆಂಚ್ ವೈಸ್ ಹಾಗೆ ಬಂದದ್ದು. ಮಾರಿದ ಅಜ್ಜ ಅರ್ಧ ಗಂಟೆ ನಿಂತು ಅದಕ್ಕೆ ಗ್ರೀಸ್ ಹಚ್ಚುವುದನ್ನು ತೋರಿಸಿಕೊಟ್ಟರು. ಮಿಷಿಗನ್ನಿನ ಆನ್ ಆರ್ಬರ್ ಊರಿನ ಸಾರ್ವಜನಿಕ ಲೈಬ್ರರಿಯಲ್ಲಿ ಪುಸ್ತಕದ ಜೊತೆ ಉಪಕರಣಗಳನ್ನೂ ಎರವಲು ಕೊಡುತ್ತಾರೆ. ನಿನ್ನ ಊರಿನ ಲೈಬ್ರರಿಯಲ್ಲೂ ಹೋಗಿ ಕೇಳು.

ನಾನು ಇನ್ನೂ ಹತ್ತು ದಿನ ತುಮಕೂರಿನಲ್ಲೇ ಇರುತ್ತೇನೆ. ಭಾನುವಾರ ಆ ಪೆಟ್ಟಿಗೆ ಎತ್ತಿಕೊಂಡು ಅಮ್ಮನ ಮನೆಗೆ ಬಾ. ಅಡುಗೆಮನೆಯ ಹಳೆ ತಕ್ಕಡಿ ಇದೆ, ಒಂದೊಂದಾಗಿ ತೂಗಿ ನೋಡೋಣ. ಉಳಿಗಳ ಬಾಯಿ ಮೊಂಡಾಗಿದ್ದರೆ ಹಿತ್ತಲಲ್ಲಿ ಸಾಣೆ ಕಲ್ಲೂ ಇದೆ.