ಮುಂದಿನ ಗಾಡಿ ನಿಧಾನ ಹೋದರೆ ತಲೆ ಕೆಡುತ್ತದೆ

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಕೆಲಸ ಬೆಂಗಳೂರಿನಲ್ಲಿ, ಊರು ಪುತ್ತೂರಿನ ಹತ್ತಿರ. ಅಲ್ಲಿ ಅಪ್ಪ ಅಮ್ಮ ಇಬ್ಬರೇ ಇರುವುದರಿಂದ ಹೆಂಡತಿ, ಮಗಳ ಜೊತೆ ಆಗಾಗ ಕಾರಿನಲ್ಲಿ ಹೋಗಿ ಬರುತ್ತೇನೆ. ನಾನು ಸ್ವಭಾವತಃ ಸಿಟ್ಟಿನವನಲ್ಲ. ಆದರೆ ಸ್ಟಿಯರಿಂಗ್ ಹಿಡಿದಾಗ ಮುಂದೆ ಯಾರಾದರೂ ನಿಧಾನ ಹೋಗುತ್ತಿದ್ದರೆ ತಡೆದುಕೊಳ್ಳಲು ಆಗುವುದಿಲ್ಲ. ಹಾರ್ನ್ ಒತ್ತುತ್ತೇನೆ, ಬಾಯಿಗೆ ಬಂದದ್ದು ಬೈಯುತ್ತೇನೆ. ಮೊನ್ನೆ ಊರಿಂದ ವಾಪಸ್ ಬರುವಾಗ ಶಿರಾಡಿ ಘಾಟಿಯಲ್ಲಿ ಮುಂದೆ ಗ್ಯಾಸ್ ತುಂಬಿದ ಒಂದು ಬುಲೆಟ್ ಟ್ಯಾಂಕರ್, ಅದರ ಹಿಂದೆ ಒಂದು ಹಳೇ ಮಾರುತಿ, ಅದರ ಹಿಂದೆ ನಾನು. ಮಾರುತಿಯವರು ತಾವೂ ಓವರ್‌ಟೇಕ್ ಮಾಡುವುದಿಲ್ಲ, ನನಗೂ ದಾರಿ ಇಲ್ಲ. ತಾಳ್ಮೆ ಕೆಟ್ಟು ಎರಡನ್ನೂ ಒಟ್ಟಿಗೆ ದಾಟಲು ಹೋದೆ. ತಿರುವಿನಲ್ಲಿ ಬಸ್ಸು ಬಂತು. ಬಸ್ಸಿನವನು ಜೋರಾಗಿ ಬ್ರೇಕ್ ಹಾಕಿದ, ಮಾರುತಿಯವರೂ ಬ್ರೇಕ್ ಹಾಕಿ ಜಾಗ ಬಿಟ್ಟರು, ನಾನು ನಡುವೆ ತೂರಿಕೊಂಡೆ. ಏನೂ ಆಗಲಿಲ್ಲ. ಆದರೆ ನನ್ನ ಹೆಂಡತಿ ಬೆಂಗಳೂರು ಬರುವವರೆಗೆ ಒಂದು ಮಾತೂ ಆಡಲಿಲ್ಲ. ಇನ್ನು ಮುಂದೆ ತಾನೂ ಮಗಳೂ ಬಸ್ಸಿನಲ್ಲೇ ಬರುತ್ತೇವೆ ಎಂದಿದ್ದಾಳೆ. 15 ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ, ಕಾರಿಗೆ ಒಂದು ಗೀರೂ ಬಿದ್ದಿಲ್ಲ. ನನ್ನ ಮೇಲೆ ನಂಬಿಕೆಯೇ ಇಲ್ಲ ಎಂದರೆ ಅವಮಾನ ಆಗುವುದಿಲ್ಲವೇ? ತೀರಾ ನಿಧಾನ ಹೋಗುವವರದ್ದೂ ತಪ್ಪಲ್ಲವೇ? ಹಾಗಾದರೆ ಎಷ್ಟು ಸ್ಪೀಡಿನಲ್ಲಿ ಹೋಗಬೇಕು?
– ಹೆಸರು ಬೇಡ, ಬೆಂಗಳೂರು

ಉತ್ತರ: ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋದ ವಿಷಯದಿಂದಲೇ ಶುರು ಮಾಡುತ್ತೇನೆ. ಮಾರುತಿಯವರು ಬ್ರೇಕ್ ಹಾಕಿ ಜಾಗ ಬಿಟ್ಟರು. ಅಷ್ಟು ಹೊತ್ತು ನೀವು ಬೈಯುತ್ತಾ ಬಂದದ್ದು ಅವರನ್ನೇ. ಅವರೂ ಟ್ಯಾಂಕರಿನ ಬಾಲಕ್ಕೆ ಅಂಟಿಕೊಂಡು ಹೋಗುತ್ತಿದ್ದರೆ, ಅಥವಾ ಹಟಕ್ಕೆ ಬಿದ್ದು ಜಾಗ ಕೊಡದೇ ಇದ್ದಿದ್ದರೆ ನೀವು ಈ ಪತ್ರ ಬರೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. 15 ವರ್ಷ ಕಾರಿಗೆ ಗೀರು ಬಿದ್ದಿಲ್ಲ ಎಂದಿದ್ದೀರಿ. ಅದರಲ್ಲಿ ನಿಮ್ಮ ಕೈಚಳಕ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಆ ದಿನದ ಮಟ್ಟಿಗೆ ನಿಮ್ಮ ಕಾರನ್ನು ಉಳಿಸಿದ್ದು ಇನ್ನಿಬ್ಬರ ಕಾಲು. ಬಸ್ಸಿನ ಡ್ರೈವರದ್ದು ಒಂದು, ನಿಧಾನ ಹೋಗುತ್ತಿದ್ದ ಆ ಮನುಷ್ಯರದ್ದು ಇನ್ನೊಂದು. ಇದನ್ನು ನಿಮ್ಮ ಮನಸ್ಸು ನೋವಾಗಲಿ ಎಂದು ಹೇಳುತ್ತಿಲ್ಲ. ‘ಏನೂ ಆಗಲಿಲ್ಲ’ ಎಂಬ ಲೆಕ್ಕದಲ್ಲಿ ಮುಂದಿನ ಸಲ ಇನ್ನೂ ಸ್ವಲ್ಪ ಧೈರ್ಯ ಮಾಡುತ್ತೀರಿ ಎಂಬ ಭಯಕ್ಕೆ ಹೇಳುತ್ತಿದ್ದೇನೆ.

ಆ ಓವರ್‌ಟೇಕಿನ ಲೆಕ್ಕವನ್ನು ಕೂತು ಮಾಡೋಣ. ಲೋಡ್ ತುಂಬಿದ ಟ್ಯಾಂಕರ್ ಘಾಟಿ ಹತ್ತುವಾಗ 25ರಲ್ಲಿ ಹೋಗುತ್ತಿದೆ, ನೀವು 50ಕ್ಕೆ ಏರಿಸಿದಿರಿ ಎಂದುಕೊಳ್ಳಿ. ಟ್ಯಾಂಕರಿನ ಉದ್ದ, ಮಾರುತಿಯ ಉದ್ದ, ಅವೆರಡರ ನಡುವಿನ ಜಾಗ, ಹಿಂದೆ ಮುಂದೆ ನೀವು ಬಿಡಲೇಬೇಕಾದ ಅಂತರ ಎಲ್ಲ ಸೇರಿದರೆ ಸುಮಾರು 60 ಮೀಟರ್ ಆಗುತ್ತದೆ. ಅವರಿಗಿಂತ ನೀವು 25 ಕಿಲೋಮೀಟರ್ ಮಾತ್ರ ಹೆಚ್ಚು ವೇಗದಲ್ಲಿ ಇರುವುದರಿಂದ ಅಷ್ಟನ್ನು ದಾಟಲು 9 ಸೆಕೆಂಡ್ ಬೇಕು. ಆ 9 ಸೆಕೆಂಡಿನಲ್ಲಿ ನೀವು ಎದುರಿನವರ ಪಾಲಿನ ರಸ್ತೆಯಲ್ಲಿ 125 ಮೀಟರ್ ಓಡಿರುತ್ತೀರಿ. ಎದುರಿನ ಬಸ್ಸೂ 50ರಲ್ಲಿ ಇಳಿಯುತ್ತಿದ್ದರೆ ಅದೂ 125 ಮೀಟರ್ ಬಂದಿರುತ್ತದೆ. ಅಂದರೆ ಹೊರಡುವ ಕ್ಷಣದಲ್ಲಿ ನಿಮಗೆ 250 ಮೀಟರ್ ಖಾಲಿ ರಸ್ತೆ ಕಣ್ಣಿಗೆ ಕಾಣಬೇಕಿತ್ತು. ಶಿರಾಡಿಯ ತಿರುವುಗಳ ನಡುವೆ ಅಷ್ಟು ಉದ್ದದ ನೇರ ರಸ್ತೆ ಎಷ್ಟು ಕಡೆ ಸಿಗುತ್ತದೆ, ನೀವೇ ಹೇಳಿ. ಮಾರುತಿಯವರು ಓವರ್‌ಟೇಕ್ ಮಾಡದೆ ಇದ್ದದ್ದು ಅಂಜಿಕೆಯಿಂದಲೇ ಇರಬಹುದು, ಆದರೆ ಅವರ ಲೆಕ್ಕ ಸರಿಯಾಗಿತ್ತು.

ಇಷ್ಟಕ್ಕೆ ಸಿಗುವ ಲಾಭ ಎಷ್ಟು? ಘಾಟಿಯ ಏರಿನಲ್ಲಿ 8 ಕಿಲೋಮೀಟರ್ ಪೂರ್ತಿ ಟ್ಯಾಂಕರಿನ ಹಿಂದೆ 25ರಲ್ಲೇ ಬಂದಿರಿ ಎಂದಿಟ್ಟುಕೊಂಡರೂ 19 ನಿಮಿಷ. 40ರಲ್ಲಿ ಬಂದಿದ್ದರೆ 12 ನಿಮಿಷ. ಉಳಿಯುವ ಆ ಏಳು ನಿಮಿಷವನ್ನು ಭಾನುವಾರ ಸಂಜೆ ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗಿನ ಜಾಮ್ ಒಂದೇ ಗುಟುಕಿಗೆ ನುಂಗಿಬಿಡುತ್ತದೆ. ಆ ದಾರಿಯಲ್ಲಿ ಓಡಾಡುವ ನಿಮಗೆ ಇದು ಹೊಸ ವಿಷಯವಲ್ಲ.

ನಿಧಾನ ಹೋಗುವವರದ್ದೂ ತಪ್ಪಲ್ಲವೇ ಎಂದು ಕೇಳಿದ್ದೀರಿ. ಕೆಲವರದ್ದು ಖಂಡಿತ ತಪ್ಪು. ನಾಲ್ಕು ಪಥದ ಹೆದ್ದಾರಿಯಲ್ಲಿ ಬಲಗಡೆಯ ಲೇನ್ ಹಿಡಿದು 50ರಲ್ಲಿ ಕೂತುಬಿಡುವ ಲಾರಿಗಳು, ಫೋನಿನಲ್ಲಿ ಮಾತಾಡುತ್ತಾ ನಡುಗೆರೆಯ ಮೇಲೆ ತೇಲುವ ಕಾರುಗಳು, ಹಿಂದೆ ಹತ್ತು ಗಾಡಿ ಸಾಲುಗಟ್ಟಿದರೂ ಎಡಕ್ಕೆ ಸರಿದು ದಾರಿ ಬಿಡದವರು. ಇವರೆಲ್ಲ ಬೇರೆಯವರನ್ನು ಅಪಾಯಕ್ಕೆ ದೂಡುತ್ತಾರೆ. ಈ ಅಂಕಣ ಓದುವ, ನಿಧಾನ ಓಡಿಸುವ ಹಿರಿಯರಿಗೂ ಹೊಸದಾಗಿ ಕಲಿತವರಿಗೂ ಒಂದು ಕೋರಿಕೆ: ನಿಮ್ಮ ವೇಗ ನಿಮ್ಮ ಹಕ್ಕು, ಅದನ್ನು ಯಾರ ಹಾರ್ನಿಗೂ ಬಿಟ್ಟುಕೊಡಬೇಡಿ. ಆದರೆ ಹಿಂದೆ ಸಾಲು ಬೆಳೆದರೆ ಜಾಗ ಇರುವಲ್ಲಿ ಅರ್ಧ ನಿಮಿಷ ಬದಿಗೆ ನಿಲ್ಲಿಸಿ, ಅವರನ್ನು ಮುಂದೆ ಬಿಡಿ.

ಉಳಿದ ಹೆಚ್ಚಿನವರಿಗೆ ಕಾರಣ ಇರುತ್ತದೆ, ಹಿಂದೆ ಕೂತ ನಿಮಗೆ ಅದು ಕಾಣುವುದಿಲ್ಲ. ಮಂಗಳೂರಿನಿಂದ ಗ್ಯಾಸ್ ತುಂಬಿಕೊಂಡು ಬರುವ ಟ್ಯಾಂಕರ್ ಏರಿನಲ್ಲಿ ಒಂದು ಎರಡನೇ ಗೇರಿನಲ್ಲೇ ತೆವಳಬೇಕು. ಇಳಿಯುವ ಲಾರಿಯೂ ಸಣ್ಣ ಗೇರಿನಲ್ಲೇ ಇಳಿಯಬೇಕು. ಬರೀ ಬ್ರೇಕ್ ತುಳಿದುಕೊಂಡು ಇಳಿದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಘಾಟಿಯಲ್ಲಿ ಮೂಗಿಗೆ ಬಡಿಯುವ ಸುಟ್ಟ ವಾಸನೆ ಅದರದ್ದೇ. ಕಾರುಗಳ ವಿಷಯಕ್ಕೆ ಬಂದರೆ ಒಳಗೆ ಗರ್ಭಿಣಿ ಇರಬಹುದು, ಆಪರೇಷನ್ ಆಗಿ ಮನೆಗೆ ಹೋಗುವವರು ಇರಬಹುದು, ವಾಂತಿ ಮಾಡುತ್ತಿರುವ ಮಗು ಇರಬಹುದು. ಕಣ್ಣಿಗೆ ಪೊರೆ ಬಂದಿದ್ದರೂ ಆಸ್ಪತ್ರೆಗೆ ಬಿಡಲು ಬೇರೆ ಯಾರೂ ಇಲ್ಲದೆ ತಾವೇ ಕಾರು ತೆಗೆದ ಅಪ್ಪ ಇರಬಹುದು. ಬೆಳೆದ ಮಕ್ಕಳೆಲ್ಲ ಬೆಂಗಳೂರು ಸೇರಿದ ನಿಮ್ಮ ಕಡೆಯ ಊರುಗಳಲ್ಲಿ ಇಂಥವರು ಬೇಕಾದಷ್ಟು ಜನ ಇದ್ದಾರೆ.

ಈಗ ನಿಮ್ಮ ಸಿಟ್ಟಿನ ವಿಷಯ. ಸ್ವಭಾವತಃ ಸಿಟ್ಟಿನವನಲ್ಲ ಎಂದಿದ್ದೀರಿ, ಅದನ್ನು ನಂಬುತ್ತೇನೆ. ಸಲಹೆಗೆ ಬರುವ ಅನೇಕರಲ್ಲಿ ಒಂದು ವಿಷಯ ಕಂಡಿದ್ದೇನೆ, ನಿಮ್ಮಲ್ಲೂ ಅದೇ ಇದೆಯೇ ನೋಡಿ. ಹೊರಡುವಾಗ ಮ್ಯಾಪ್ ಹಾಕುತ್ತೀರಿ. ಎಷ್ಟು ಗಂಟೆಗೆ ತಲುಪುತ್ತೀರಿ ಎಂದು ಅದು ತೋರಿಸುತ್ತದೆ. ಆಗಿನಿಂದ ನಿಮ್ಮದು ಊರಿಗೆ ಪ್ರಯಾಣ ಅಲ್ಲ, ಆ ಅಂಕಿಯ ಜೊತೆ ಪೈಪೋಟಿ. ಅದು ಎರಡು ನಿಮಿಷ ಕಡಿಮೆಯಾದರೆ ಖುಷಿ, ಎರಡು ನಿಮಿಷ ಹೆಚ್ಚಾದರೆ ಯಾರೋ ಜೇಬಿನಿಂದ ಕದ್ದ ಹಾಗೆ ಸಂಕಟ. ಅದರ ಮೇಲೆ ಮನೆಯಿಂದ ಫೋನು: ಎಲ್ಲಿದ್ದೀರಿ, ಸಕಲೇಶಪುರ ದಾಟಿತಾ, ಊಟಕ್ಕೆ ಕಾಯುವುದಾ? ಪ್ರೀತಿಯಿಂದಲೇ ಕೇಳುವುದು, ಆದರೆ ಹೇಳಿದ ಸಮಯಕ್ಕೆ ಮುಟ್ಟಲೇಬೇಕು ಎಂಬ ಭಾರ ಹೆಗಲೇರುತ್ತದೆ. ಆಮೇಲೆ ಮುಂದೆ ಬಂದ ಪ್ರತಿ ಗಾಡಿಯೂ ಅಡ್ಡಗಾಲು ಹಾಕಿದಂತೆ ಕಾಣುತ್ತದೆ.

ಇದಕ್ಕೆ ಮದ್ದು ರಸ್ತೆಗಿಂತ ಮನೆಯಲ್ಲೇ ಹೆಚ್ಚು ಇದೆ. ಶುಕ್ರವಾರ ಆಫೀಸು ಮುಗಿಸಿ, ದಣಿದ ಮೈಯಲ್ಲಿ ಸಂಜೆ ಹೊರಡುವ ಪದ್ಧತಿ ಇದ್ದರೆ ಬಿಡಿ. ಶನಿವಾರ ಬೆಳಗಿನ ಜಾವ ಹೊರಡಿ. ಅಮ್ಮನಿಗೆ ‘ಸಂಜೆಯೊಳಗೆ ಬರುತ್ತೇವೆ, ನೀವು ಊಟ ಮಾಡಿಬಿಡಿ’ ಎಂದಷ್ಟೇ ಹೇಳಿ, ಗಂಟೆ ಹೇಳಬೇಡಿ. ಫೋನು ಮ್ಯಾಪು ಎರಡೂ ಹೆಂಡತಿಯ ಕೈಯಲ್ಲಿರಲಿ. ದಾರಿ ನಿಮಗೆ ಬಾಯಿಪಾಠ, ತಲುಪುವ ಸಮಯವನ್ನು ನೀವು ನೋಡುವ ಅಗತ್ಯವೇ ಇಲ್ಲ. ಘಾಟಿಯಲ್ಲಿ ಮುಂದೆ ಟ್ಯಾಂಕರ್ ಸಿಕ್ಕಿತೋ, ಅಲ್ಲಿಂದ ಗುಂಡ್ಯದವರೆಗೋ ಮಾರನಹಳ್ಳಿಯವರೆಗೋ ಅದರ ವೇಗವೇ ನನ್ನ ವೇಗ ಎಂದು ಆ ಕ್ಷಣವೇ ತೀರ್ಮಾನ ಮಾಡಿಬಿಡಿ. ನಿಜವಾಗಿ ಸುಸ್ತು ಮಾಡುವುದು ‘ಈಗ ಆಗುತ್ತದಾ, ಈಗ ಆಗುತ್ತದಾ’ ಎಂದು ಪ್ರತಿ ತಿರುವಿನಲ್ಲೂ ಮೂಗು ಹೊರಗೆ ಹಾಕಿ ನೋಡುವುದು. ಅದನ್ನು ನಿಲ್ಲಿಸಿದರೆ ಅರ್ಧ ಸಿಟ್ಟು ತಾನಾಗಿ ಇಳಿಯುತ್ತದೆ.

ಎಷ್ಟು ಸ್ಪೀಡು? ಒಂದೇ ಅಂಕಿ ಹೇಳಿದರೆ ಅದು ತಪ್ಪು ಉತ್ತರ. ನಿಮಗೆ ಕಾಣುವಷ್ಟು ರಸ್ತೆಯೊಳಗೆ ಗಾಡಿ ನಿಲ್ಲಬೇಕು, ಅದು ಮೊದಲ ಲೆಕ್ಕ. ಬೋರ್ಡಿನಲ್ಲಿರುವ ಮಿತಿ ಅದರ ಮೇಲಿನ ಮುಚ್ಚಳ. ಒಣ ರಸ್ತೆ, ಒಳ್ಳೆ ಟೈರು, ಎಚ್ಚರವಿರುವ ಡ್ರೈವರ್ ಎಂದಿಟ್ಟುಕೊಂಡರೂ 80ರಲ್ಲಿ ಹೋಗುವ ಕಾರು, ಅಪಾಯ ಕಂಡು ಬ್ರೇಕಿಗೆ ಕಾಲು ಹೋಗುವ ಆ ಒಂದು ಸೆಕೆಂಡೂ ಸೇರಿ, ನಿಲ್ಲಲು ಸುಮಾರು 58 ಮೀಟರ್ ತೆಗೆದುಕೊಳ್ಳುತ್ತದೆ. 100ರಲ್ಲಿ ಸುಮಾರು 84 ಮೀಟರ್. ಇದನ್ನು ಇನ್ನೊಂದು ರೀತಿ ನೋಡಿ. ಚನ್ನರಾಯಪಟ್ಟಣದ ಹತ್ತಿರ ಡಿವೈಡರ್ ಸಂದಿಯಿಂದ ಒಬ್ಬ ಅಜ್ಜ ಸೈಕಲ್ ತಳ್ಳಿಕೊಂಡು ರಸ್ತೆಗೆ ಇಳಿದರು ಎಂದುಕೊಳ್ಳಿ. 80ರಲ್ಲಿದ್ದ ಕಾರು ಅವರ ಮುಂದೆ ಬಂದು ನಿಂತಿತು. ಅದೇ ಜಾಗದಲ್ಲಿ ಬ್ರೇಕ್ ಹಾಕಿದ 100ರ ಕಾರು ಅವರನ್ನು ಮುಟ್ಟುವಾಗ ಇನ್ನೂ 65 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಇರುತ್ತದೆ. ಸ್ಪೀಡೋಮೀಟರಿನಲ್ಲಿ 20ರ ವ್ಯತ್ಯಾಸ, ರಸ್ತೆಯ ಮೇಲೆ ಒಂದು ಜೀವದ ವ್ಯತ್ಯಾಸ. ಕಾರಿನ ಮುಂಭಾಗ ಬಡಿದ ಪಾದಚಾರಿ ಸಾಯುವ ಸಂಭವ, ಕಾರಿನ ವೇಗ 50ರಿಂದ 65ಕ್ಕೆ ಏರುವಷ್ಟರಲ್ಲೇ, ನಾಲ್ಕೂವರೆ ಪಟ್ಟು ಆಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ 20 ಕಿಲೋಮೀಟರ್ ಹೆಚ್ಚಿಸಿ ಉಳಿಸುವ ಸಮಯ, 100 ಕಿಲೋಮೀಟರ್ ಎಲ್ಲೂ ನಿಲ್ಲದೆ ಓಡಿದರೆ, 15 ನಿಮಿಷ.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುತ್ತಿಲ್ಲ. 100ರಲ್ಲಿ ಹೋಗುವ ಕಾರೂ 30ರಲ್ಲಿ ಹೋಗುವ ಟ್ರ್ಯಾಕ್ಟರೂ ಒಂದೇ ಕಡೆ ಇರಬಾರದು ಎಂಬುದೇ ಅದರ ಹಿಂದಿನ ಕಾರಣ. ನಿಮ್ಮ ಹಾಸನದ ರಸ್ತೆಯಲ್ಲಿ ಆ ಬೇಲಿ ಇಲ್ಲ. ಅಲ್ಲಿ ತೆಂಗಿನಕಾಯಿ ಟೆಂಪೋ, ಹಾಲಿನ ಕ್ಯಾನ್ ಕಟ್ಟಿದ ಬೈಕು, ಎದುರು ದಿಕ್ಕಿನಲ್ಲೇ ಬರುವ ಸ್ಕೂಟರ್ ಎಲ್ಲವೂ ಇದೆ. ಅದಕ್ಕೇ ನಾಲ್ಕು ಪಥದಲ್ಲೂ ನಿಮಗೆ 80 ಸಾಕು ಎನ್ನುತ್ತೇನೆ. ಊರು ಬಂದರೆ 50ಕ್ಕೆ ಇಳಿಸಿ. ಮಳೆಗಾಲದಲ್ಲಿ ಇನ್ನೂ ಕಡಿಮೆ. ರಾತ್ರಿ ಡಿಮ್ ಲೈಟಿನಲ್ಲಿ ಸ್ಪಷ್ಟವಾಗಿ ಕಾಣುವುದೇ 40 ಮೀಟರ್ ಆಸುಪಾಸು. 80ರ ಕಾರು ನಿಲ್ಲಲು ಬೇಕಾದ ದೂರದ ಜೊತೆ ಹೋಲಿಸಿ ನೋಡಿ, ರಾತ್ರಿ ನೀವು ಎಷ್ಟರಲ್ಲಿ ಹೋಗಬೇಕೆಂದು ನಿಮಗೇ ಗೊತ್ತಾಗುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ ಜನ, ಅದರಲ್ಲಿ ಹತ್ತಕ್ಕೆ ಏಳು ಸಾವಿಗೆ ಕಾರಣ ಎಂದು ದಾಖಲಾದದ್ದು ಅತಿವೇಗ. ಅವರಲ್ಲೂ ಅದರ ಹಿಂದಿನ ದಿನದವರೆಗೆ ಕಾರಿಗೆ ಗೀರು ಬೀಳದವರು ಇದ್ದೇ ಇರುತ್ತಾರೆ.

ಬಲ ಲೇನಿನ ಲಾರಿ ಸಿಕ್ಕಿದಾಗ ಒಮ್ಮೆ ಲೈಟ್ ಹಾಕಿ, ಒಮ್ಮೆ ಹಾರ್ನ್ ಮಾಡಿ. ಸರಿದರೆ ಸರಿ, ಇಲ್ಲದಿದ್ದರೆ ಹಿಂದೆ ಉಳಿಯಿರಿ. ಲಾರಿ ಒಂದು ಕಂಬ ದಾಟಿದ ಮೇಲೆ ನೀವು ಅದೇ ಕಂಬ ಮುಟ್ಟಲು ಮೂರು ಸೆಕೆಂಡ್ ಆದರೂ ಆಗಬೇಕು, ಅಷ್ಟು ಅಂತರ ಬಿಡಿ. ಎಡದ ಸಂದಿಯಲ್ಲಿ ನುಗ್ಗಬೇಡಿ. ಆ ಕಡೆ ಲಾರಿಯವನಿಗೆ ನೀವು ಸರಿಯಾಗಿ ಕಾಣುವುದಿಲ್ಲ, ಕೆಟ್ಟು ನಿಂತ ಗಾಡಿಗಳು ಇರುವುದೂ ಆ ಕಡೆಯೇ.

ಇಷ್ಟೆಲ್ಲ ಮಾಡಿದರೂ ಸಿಟ್ಟು ಇಳಿಯದಿದ್ದರೆ, ರಸ್ತೆ ಬಿಟ್ಟು ಆಫೀಸು, ಮನೆಯಲ್ಲೂ ಹಾಗೇ ಉಕ್ಕುತ್ತಿದ್ದರೆ, ನಿದ್ದೆ ಕೆಟ್ಟಿದ್ದರೆ, ಅದು ಡ್ರೈವಿಂಗಿನ ಸಮಸ್ಯೆ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಕೊನೆಗೆ ನಿಮ್ಮ ಮನೆಯವರ ಮಾತು. ಅವರು ಬಸ್ಸಿನಲ್ಲಿ ಬರುತ್ತೇನೆ ಎಂದದ್ದು ನಿಮಗೆ ಅವಮಾನ ಎನಿಸಿದೆ. ಮುಂದಿನ ಸೀಟಿನಲ್ಲಿ ಕೂತ ಅವರ ಕಾಲನ್ನು ಎಂದಾದರೂ ಗಮನಿಸಿದ್ದೀರಾ? ಇಂಥ ಗಂಡಂದಿರ ಪಕ್ಕದಲ್ಲಿ ಕೂತು ಪ್ರಯಾಣ ಮಾಡುವ ಹೆಂಗಸರು ನನ್ನ ಹತ್ತಿರ ಹೇಳುತ್ತಾರೆ: ಪ್ರತಿ ಓವರ್‌ಟೇಕಿಗೂ ಬಲಗಾಲು ತಾನಾಗಿ ಕಾರಿನ ನೆಲವನ್ನು ಒತ್ತುತ್ತದೆ, ಇಳಿಯುವ ಹೊತ್ತಿಗೆ ಮೀನಖಂಡ ಹಿಡಿದುಕೊಂಡಿರುತ್ತದೆ. ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದು ಹಿಂದೆ ಮಗುವಿನ ಕಡೆಗೆ. ಬಾಯಿಬಿಟ್ಟು ಹೇಳಿದರೆ ‘ನನಗೆ ಡ್ರೈವಿಂಗ್ ಹೇಳಿಕೊಡ್ತೀಯಾ’ ಎಂಬ ಉತ್ತರ ಬರುತ್ತದೆ ಎಂದು ಹೇಳುವುದನ್ನೇ ಬಿಟ್ಟಿರುತ್ತಾರೆ. ನಿಮ್ಮ ಹೆಂಡತಿ ಆ ದಿನ ಬೆಂಗಳೂರಿನವರೆಗೆ ಸುಮ್ಮನಿದ್ದದ್ದು ನಿಮ್ಮನ್ನು ಹೀಯಾಳಿಸಲು ಅಲ್ಲ, ಅವರು ಹೆದರಿದ್ದರು. ಮಗು ಹಿಂದೆ ಕೂತಿರುವಾಗ ಎದುರಿಗೆ ಬಂದ ಬಸ್ಸನ್ನು ಅವರೂ ಕಣ್ಣಾರೆ ನೋಡಿದ್ದಾರೆ.

ಅವರ ಹತ್ತಿರ ‘ಏನೂ ಆಗಲಿಲ್ಲವಲ್ಲ’ ಎಂದು ವಾದಿಸಬೇಡಿ. ‘ಅವತ್ತು ನಾನು ಮಾಡಿದ್ದು ತಪ್ಪು, ನೀನು ಹೆದರಿದ್ದು ಸರಿ’ ಎಂದು ಹೇಳಿ. ಮುಂದೆ ಅವರು ‘ನಿಧಾನ’ ಎಂದರೆ ಯಾಕೆ ಎಂದು ಕೇಳದೆ ಆ ಕ್ಷಣ ಕಾಲು ತೆಗೆಯುವುದಾಗಿ ಒಪ್ಪಿಕೊಳ್ಳಿ, ಒಪ್ಪಿದ ಮೇಲೆ ಹಾಗೇ ನಡೆದುಕೊಳ್ಳಿ. ನಂಬಿಕೆ ಮಾತಿನಿಂದ ವಾಪಸ್ ಬರುವುದಿಲ್ಲ, ಅವರಿಗೆ ಸಮಯ ಬೇಕು. ಅಲ್ಲಿಯವರೆಗೆ ಅವರನ್ನೂ ಮಗಳನ್ನೂ ಬಸ್ಸಿಗೆ ಹತ್ತಿಸಿ ನೀವೊಬ್ಬರೇ ಕಾರಿನಲ್ಲಿ ಹೋಗುವುದು ಬೇಡ, ಅದು ಜಗಳವನ್ನು ಊರವರೆಗೆ ಹೊತ್ತುಕೊಂಡು ಹೋದಂತೆ. ಮುಂದಿನ ಸಲ ಮೂವರೂ ರೈಲಿನಲ್ಲಿ ಹೋಗಿ ಬನ್ನಿ. ಕಬಕ ಪುತ್ತೂರಿನಲ್ಲಿ ಇಳಿದರೆ ಮನೆಗೆ ಆಟೋ ಸಿಗುತ್ತದೆ. ಕಾರು ಮತ್ತೆ ಯಾವಾಗ ತೆಗೆಯುವುದು ಎಂಬುದನ್ನು ನಿಮ್ಮ ಹೆಂಡತಿಯೇ ಹೇಳಲಿ, ಅವರು ಹೇಳುವವರೆಗೆ ನೀವಾಗಿ ಕೇಳಬೇಡಿ. ಏನಾಯಿತೆಂದು ಬರೆದು ತಿಳಿಸಿ.