ವಲಸೆ ಹೋದವರ ಮಕ್ಕಳು ಓದಿನಲ್ಲಿ ಮುಂದಿರುವುದು ಯಾಕೆ?

ದಾವಣಗೆರೆಯಿಂದ ಕೆನಡಾಕ್ಕೆ ಹೋದವರ ಮಕ್ಕಳು ಅಲ್ಲಿನವರಿಗಿಂತ ಚೆನ್ನಾಗಿ ಓದುವುದು ನಮ್ಮವರಿಗೆ ಬುದ್ಧಿ ಹೆಚ್ಚು ಅಂತಲಾ ಎಂದು ಕೇಳಿದ್ದೀರಿ ಸರ್. ಬುದ್ಧಿಗಿಂತ ಜರಡಿ ದೊಡ್ಡದು. ಕೆನಡಾ 1967ರಿಂದ ಅಂಕ ಹಾಕಿ ಜನರನ್ನು ಆರಿಸುತ್ತಿದೆ. ಆಗ 100ಕ್ಕೆ 50 ಬಂದರೆ ಪಾಸು, ಓದಿಗೇ 20ರವರೆಗೆ. ಎಂಜಿನಿಯರಿಂಗ್ ಮುಗಿಸಿದವರಿಗೆ ಬಾಗಿಲು ತೆರೆಯುತ್ತದೆ, ಅಷ್ಟೇ ಚುರುಕಾದ ಮಂಡಕ್ಕಿ ಭಟ್ಟಿಯ ಕೆಲಸಗಾರನಿಗೆ ತೆರೆಯುವುದಿಲ್ಲ. ಹೀಗೆ ಸೋಸಿ ಬಂದವರ ಮಕ್ಕಳನ್ನು ಅಲ್ಲಿನ ಎಲ್ಲರ ಮಕ್ಕಳ ಜತೆ ತೂಗಿದರೆ ತಕ್ಕಡಿ ವಾಲದೇ ಇರುತ್ತದೆಯೇ?

ಜರ್ಮನಿ ನೋಡಿ. 1961ರ ಒಪ್ಪಂದದಡಿ ತುರ್ಕಿಯಿಂದ ಕಾರ್ಖಾನೆ ಕೆಲಸಕ್ಕೆ ಜನರನ್ನು ಕರೆಸಿತು. ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿದೊಡನೆ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗೆ ವಿಂಗಡಿಸುತ್ತಾರೆ. ಭಾಷೆ ಕುದುರುವ ಮೊದಲೇ ದಾರಿ ಕವಲೊಡೆದು, ತುರ್ಕಿಯಿಂದ ಬಂದ ಆ ಕೆಲಸಗಾರರ ಮಕ್ಕಳಲ್ಲಿ ಬಹಳ ಮಂದಿ ಹಿಂದುಳಿದರು. ಮಕ್ಕಳು ಓದಲಿ ಎಂಬ ಹಂಬಲ ಅವರ ಹೆತ್ತವರಿಗೂ ಕಡಿಮೆಯಿರಲಿಲ್ಲ.